ಬಿತ್ತುವ ಮುನ್ನ

ಬೇಸಾಯ ಬಲ್ಲವರು ಬಿತ್ತನೆಗಿಂತಲೂ ಹದಕ್ಕೆ ಹೆಚ್ಚಿನ ಬೆಲೆ ಕೊಡುತ್ತಾರೆ. ‘ಹದ ನೋಡಿ ಹರಗು, ಬೆದೆ ನೋಡಿ ಬಿತ್ತು’ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಬಿತ್ತುವುದು ಒಂದೆರಡು ದಿನಗಳ ಕೆಲಸ. ಅದಕ್ಕೆ ಮೊದಲು ನೆಲವನ್ನು ಉಳಬೇಕು, ಹೆಂಟೆ ಒಡೆಯಬೇಕು, ಕೂಳೆ ಆಯಬೇಕು, ಗೊಬ್ಬರ ಹರಡಬೇಕು, ಬದುವನ್ನು ಭದ್ರಪಡಿಸಬೇಕು, ಬೀಜವನ್ನು ಕೈಯಲ್ಲಿ ಹಿಡಿದು ಅದು ಗಟ್ಟಿಯೋ ಜೊಳ್ಳೋ ಎಂದು ಪರೀಕ್ಷಿಸಬೇಕು. ದಾರಿಹೋಕನ ಕಣ್ಣಿಗೆ ಬೀಳುವುದು ಬಿತ್ತನೆ. ಬೆಳೆಯನ್ನು ನಿರ್ಣಯಿಸುವುದು ಅದರ ಹಿಂದಿನ ಹದ.

ಈ ಮಾತು ಮನೆಯ ಮೂಲೆಯಲ್ಲಿ ಮೇಜಿನ ಮೇಲೆ ಕುಳಿತಿರುವ ಗಣಕಯಂತ್ರಕ್ಕೂ ಸಲ್ಲುತ್ತದೆ ಎಂದರೆ ನಿಮಗೆ ನಗು ಬಂದೀತು. ಎಲ್ಲಿಯ ಹೊಲ, ಎಲ್ಲಿಯ ಗಣಕ! ಆದರೆ ಕಳೆದ ವರ್ಷ ನನ್ನ ಹಳೆಯ ಗಣಕಕ್ಕೆ ಹೊಸ ವ್ಯವಸ್ಥೆಯೊಂದನ್ನು ಅಳವಡಿಸಲು ಹೊರಟಾಗ ನನಗೆ ನೆರವಾದದ್ದು ಯಾವ ಕೈಪಿಡಿಗಿಂತಲೂ ಹೆಚ್ಚಾಗಿ ಈ ಗಾದೆಯೇ. ಆ ಅನುಭವದಿಂದ ನನ್ನಲ್ಲಿ ಬಲಿತ ಒಂದು ಅಭಿಪ್ರಾಯವನ್ನು ನಿಮ್ಮ ಮುಂದಿಡಬೇಕೆಂಬುದು ಈ ಬರಹದ ಉದ್ದೇಶ.

ನನ್ನ ಗಣಕ 2016ರಲ್ಲಿ ಕೊಂಡದ್ದು. ಅಧ್ಯಾಪಕನಾಗಿದ್ದಾಗ ಪ್ರಶ್ನೆಪತ್ರಿಕೆಗಳನ್ನು ಸಿದ್ಧಪಡಿಸಲು, ನಿವೃತ್ತನಾದ ಮೇಲೆ ಲೇಖನಗಳನ್ನು ಬರೆಯಲು ಅದು ಒದಗಿ ಬಂದಿದೆ. ಅದರಲ್ಲಿದ್ದುದು ವಿಂಡೋಸ್ 10 ಎಂಬ ವ್ಯವಸ್ಥೆ. 2015ರ ಜುಲೈ ತಿಂಗಳಲ್ಲಿ ಬಿಡುಗಡೆಯಾದ ಆ ವ್ಯವಸ್ಥೆಗೆ ಅದರ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಕೆಲವು ಹೊಸ ಯಂತ್ರಾಂಶಗಳನ್ನು ಬಯಸುವುದರಿಂದ ಹಳೆಯ ಗಣಕಗಳಲ್ಲಿ ಅನೇಕವು ಅದಕ್ಕೆ ಅರ್ಹವಾಗುವುದಿಲ್ಲ. ನನ್ನದು ಆ ಗುಂಪಿಗೆ ಸೇರಿದುದು. ಹತ್ತು ವರ್ಷಗಳ ಕಾಲ ಒಂದು ಸರಕನ್ನು ಪೋಷಿಸಿದವರು ಅದನ್ನು ನಿಲ್ಲಿಸಿದರೆ ಅದನ್ನು ಅನ್ಯಾಯವೆಂದು ನಾನು ಹೇಳಲಾರೆ. ಆದರೆ ನನ್ನ ಮುಂದೆ ಒಂದು ಪ್ರಶ್ನೆಯಂತೂ ನಿಂತಿತು. ಕೀಲಿಮಣೆಯ ಒಂದು ಗುಂಡಿಯೂ ಸವೆದಿಲ್ಲ, ಪರದೆ ಮಂಕಾಗಿಲ್ಲ, ಯಂತ್ರ ಗಟ್ಟಿಮುಟ್ಟಾಗಿದೆ. ಇಂಥದನ್ನು ಹಳೆಯ ಕಬ್ಬಿಣದ ಬೆಲೆಗೆ ಮಾರಿಬಿಡಬೇಕೆ? ಪೇಟೆಯ ಅಂಗಡಿಯವರು, “ಹೊಸದು ತೆಗೆದುಕೊಳ್ಳಿ ಮೇಷ್ಟ್ರೇ, ಇದರ ಕಾಲ ಆಯಿತು” ಎಂದರು. ನೆರೆಮನೆಯಲ್ಲಿ ಒಂಬತ್ತನೆಯ ತರಗತಿ ಓದುವ ಹುಡುಗಿಯೊಬ್ಬಳು ಮಾತ್ರ, “ಇದಕ್ಕೆ ಲಿನಕ್ಸ್ ಹಾಕಬಹುದು, ಅಜ್ಜಾ” ಎಂದಳು.

ಲಿನಕ್ಸ್ ಎಂದರೇನು? ಗಣಕದಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳನ್ನು ಯಂತ್ರಾಂಶವೆನ್ನುತ್ತೇವೆ. ಅವುಗಳನ್ನು ನಡೆಸುವ ಆದೇಶಗಳ ಸಮೂಹವನ್ನು ತಂತ್ರಾಂಶವೆನ್ನುತ್ತೇವೆ. ತಂತ್ರಾಂಶಗಳಲ್ಲೆಲ್ಲ ಮೂಲಭೂತವಾದುದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣ ವ್ಯವಸ್ಥೆ. ಕೂಡುಕುಟುಂಬದ ಯಜಮಾನಿಯಂತೆ ಅದು ಉಳಿದೆಲ್ಲ ತಂತ್ರಾಂಶಗಳಿಗೆ ಸ್ಥಳವನ್ನೂ ಸಮಯವನ್ನೂ ಹಂಚಿಕೊಡುತ್ತದೆ; ಯಾರು ಯಾವ ಬಾಗಿಲಿನಿಂದ ಬರಬೇಕು, ಯಾವ ಕಡತ ಎಲ್ಲಿರಬೇಕು ಎಂಬುದನ್ನು ನೋಡಿಕೊಳ್ಳುತ್ತದೆ. ಅಂತಹ ಯಜಮಾನಿಕೆ ಯಾರ ಅಧೀನದಲ್ಲಿರಬೇಕು ಎಂಬ ಪ್ರಶ್ನೆಯಿಂದಲೇ ಮುಕ್ತ ತಂತ್ರಾಂಶದ ಇತಿಹಾಸ ಆರಂಭವಾಗುತ್ತದೆ.

ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ದುಡಿಯುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಅವರು 1983ರ ಸೆಪ್ಟೆಂಬರಿನಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವೊಂದನ್ನು ಬಳಸುವವನಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕೆಂಬುದು ಅವರ ನಿಲುವು: ಅದನ್ನು ತನಗೆ ಬೇಕಾದ ಕೆಲಸಕ್ಕೆ ಬಳಸುವ ಸ್ವಾತಂತ್ರ್ಯ, ಅದರ ಆಕರವನ್ನು, ಎಂದರೆ ಅದು ರಚಿತವಾದ ಬಗೆಯನ್ನು, ಓದಿ ತಿಳಿದು ತಿದ್ದುವ ಸ್ವಾತಂತ್ರ್ಯ, ಅದರ ಪ್ರತಿಯನ್ನು ಇತರರಿಗೆ ಕೊಡುವ ಸ್ವಾತಂತ್ರ್ಯ, ತಾನು ತಿದ್ದಿದ ಪ್ರತಿಯನ್ನೂ ಹಂಚುವ ಸ್ವಾತಂತ್ರ್ಯ. ಎಂಟು ವರ್ಷಗಳ ತರುವಾಯ, 1991ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ ಸ್ವಂತ ಗಣಕಕ್ಕಾಗಿ ವ್ಯವಸ್ಥೆಯೊಂದರ ತಿರುಳನ್ನು ಬರೆದನು. ಆಗ ಅವನಿಗೆ 21 ವರ್ಷ. ಇದು ತನ್ನ ಹವ್ಯಾಸ ಮಾತ್ರ, ದೊಡ್ಡದಾಗಿ ಬೆಳೆಯುವಂಥದಲ್ಲ ಎಂದೇ ಅವನು ಇತರರಿಗೆ ತಿಳಿಸಿದ್ದನು. ಮರುವರ್ಷ ಅದನ್ನು ಸ್ಟಾಲ್‌ಮನ್ನರ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದನು. ಗ್ನೂ ಯೋಜನೆಯ ಉಪಕರಣಗಳೂ ಟೊರ್ವಾಲ್ಡ್ಸನ ತಿರುಳೂ ಕೂಡಿದಾಗ ಪೂರ್ಣ ವ್ಯವಸ್ಥೆಯೊಂದು ಸಿದ್ಧವಾಯಿತು. ಹವ್ಯಾಸವೆಂದು ಹುಟ್ಟಿದ ಆ ತಿರುಳು ಇಂದು ಆಂಡ್ರಾಯ್ಡ್ ಮೊಬೈಲುಗಳ ಒಡಲಲ್ಲಿದೆ. ಜಗತ್ತಿನ ಅತ್ಯಂತ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದೀಚೆಗೆ ಎಲ್ಲವೂ ಅದರಿಂದಲೇ ನಡೆಯುತ್ತಿವೆ. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮೊದಲಾದುವು ಅದೇ ತಿರುಳಿನ ಸುತ್ತ ಬೇರೆ ಬೇರೆ ಬಳಗಗಳು ಕಟ್ಟಿದ ವಿತರಣೆಗಳು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ‘ಬಾಸ್’ ಎಂಬುದೂ ಈ ಕುಲಕ್ಕೆ ಸೇರಿದುದೇ.

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ‘ಬೆಲೆಯಿಲ್ಲದ್ದು’ ಎಂಬ ಅರ್ಥವೂ ಉಂಟು, ‘ಬಂಧನವಿಲ್ಲದ್ದು’ ಎಂಬ ಅರ್ಥವೂ ಉಂಟು. ಇದರಿಂದ ಆ ಭಾಷೆಯವರು ಎಷ್ಟೋ ವರ್ಷ ವಿವರಣೆ ಕೊಡುತ್ತ ಬಳಲಿದ್ದಾರೆ. ಕನ್ನಡಿಗರಿಗೆ ಆ ತೊಡಕಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ ಎಂಬುದು ನಮ್ಮಲ್ಲಿ ಹಸುಳೆಗೂ ಗೊತ್ತು. ಲಿನಕ್ಸ್ ಬಹುಮಟ್ಟಿಗೆ ಪುಕ್ಕಟೆಯಾಗಿಯೂ ದೊರೆಯುತ್ತದೆ, ನಿಜ. ಆದರೆ ಅದರ ಹೆಚ್ಚಳವಿರುವುದು ಅದು ಮುಕ್ತ ಎಂಬಲ್ಲಿ. ಪುಕ್ಕಟೆಯಾದುದು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಮುಕ್ತವಾದುದು ನಮ್ಮಿಂದ ಹೊಣೆಯನ್ನು ಕೇಳುತ್ತದೆ. ಅಂಗಡಿಯಿಂದ ತಂದ ಗಣಕದಲ್ಲಿ ವ್ಯವಸ್ಥೆಯನ್ನು ಬೇರೆ ಯಾರೋ ಇರಿಸಿರುತ್ತಾರೆ. ನಾವೇ ಹೊಸದೊಂದನ್ನು ಇರಿಸಲು ಹೊರಟರೆ, ಅದುವರೆಗೆ ಬೇರೆಯವರು ವಹಿಸಿದ್ದ ಹೊಣೆ ನಮ್ಮ ಹೆಗಲಿಗೆ ಬರುತ್ತದೆ. ಆ ಹೊಣೆಯನ್ನು ಹೊರುವ ಬಗೆಯೇ ಪೂರ್ವಸಿದ್ಧತೆ.

ನೆರೆಮನೆಯ ಹುಡುಗಿಗೆ ಅವಸರವಿತ್ತು. “ಅರ್ಧ ಗಂಟೆಯ ಕೆಲಸ, ಅಜ್ಜಾ. ಈಗಲೇ ಮಾಡಿಬಿಡೋಣ” ಎಂದಳು. ನಾನು ಒಪ್ಪಲಿಲ್ಲ. ಅವಳು ನನ್ನನ್ನು ಹೆದರುಪುಕ್ಕಲನೆಂದು ತಿಳಿದಿರಬೇಕು. ನನ್ನ ಹೆದರಿಕೆಗೆ ಕಾರಣವಿತ್ತು.

ನನ್ನ ತಾಯಿ ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ಹಾಡುಗಳನ್ನು ನಾನು ತರುಣನಾಗಿದ್ದಾಗ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆನು. ನನ್ನ ಮೊದಲ ಗಣಕ ಬಂದಾಗ ಅವನ್ನೆಲ್ಲ ಅದರಲ್ಲಿ ಅಚ್ಚುಕಟ್ಟಾಗಿ ಟೈಪು ಮಾಡಿದೆನು. ಗಣಕದಲ್ಲಿ ಇದ್ದ ಮೇಲೆ ಪುಸ್ತಕವೇಕೆ ಎಂಬ ಉಡಾಫೆ ನನ್ನದು. ಆ ಪುಸ್ತಕ ಹಳೆಯ ಕಾಗದಗಳ ಜೊತೆಯಲ್ಲಿ ಎಲ್ಲಿಯೋ ಹೋಯಿತು. 2011ರಲ್ಲಿ ಒಂದು ಬೆಳಗ್ಗೆ ಆ ಗಣಕದ ಹಾರ್ಡ್‌ಡಿಸ್ಕ್ ಟಕಟಕ ಸದ್ದು ಮಾಡಿ ನಿಂತಿತು. ಬಲ್ಲವರಿಗೆ ತೋರಿಸಿದ್ದಾಯಿತು, ಏನೂ ಹಿಂದಿರುಗಲಿಲ್ಲ. ಆ ವೇಳೆಗೆ ನನ್ನ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನೊಮ್ಮೆ ಹೇಳಮ್ಮಾ ಎಂದು ಕೇಳುವಂತಿರಲಿಲ್ಲ. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಯಂತ್ರ ಎಂದಾದರೂ ಕೆಡುವುದೇ. ಒಂದೇ ಪ್ರತಿಯನ್ನು ನಂಬಿ ಕುಳಿತದ್ದು ನನ್ನ ತಪ್ಪು. ಹೊಸ ವ್ಯವಸ್ಥೆಯನ್ನು ಅಳವಡಿಸುವಾಗ ಒಂದು ಗುಂಡಿಯನ್ನು ತಪ್ಪಿ ಒತ್ತಿದರೂ ಡಿಸ್ಕಿನಲ್ಲಿರುವುದೆಲ್ಲ ಅಳಿದುಹೋಗಬಹುದು. ಒಮ್ಮೆ ಸುಟ್ಟ ಕೈ ಎರಡನೆಯ ಸಲ ಬೆಂಕಿಯನ್ನು ದೂರದಿಂದಲೇ ಗುರುತಿಸುತ್ತದೆ.

ಆದುದರಿಂದ ನಾವಿಬ್ಬರೂ ಕೂಡಿ ಮೊದಲು ಗಣಕದ ಪಟ್ಟಿ ಮಾಡಿದೆವು. ಅದರ ಸಂಸ್ಕಾರಕ, ಎಂದರೆ ಪ್ರೊಸೆಸರ್, 64 ಬಿಟ್ಟಿನದು. ಸ್ಮೃತಿ 4 ಜಿಬಿ. ಡಿಸ್ಕ್ 500 ಜಿಬಿ. ನಾವು ಆರಿಸಿಕೊಂಡ ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ಸ್ಮೃತಿಯೂ 20 ಜಿಬಿ ಸ್ಥಳವೂ ಇರಬೇಕು. ಸುಗಮವಾಗಿ ನಡೆಯಲು 4 ಜಿಬಿ ಸ್ಮೃತಿಯೂ 100 ಜಿಬಿ ಸ್ಥಳವೂ ಇದ್ದರೆ ಒಳ್ಳೆಯದು. ಹಳೆಯದೆಂದು ತಿರಸ್ಕೃತವಾಗಿದ್ದ ಯಂತ್ರ ಈ ಅಳತೆಯಲ್ಲಿ ತೇರ್ಗಡೆಯಾಯಿತು. ಮುದ್ರಣಯಂತ್ರ ಯಾವುದು, ನಿಸ್ತಂತು ಜಾಲಕ್ಕೆ ಜೋಡಿಸುವ ಭಾಗ ಯಾವುದು, ನಾನು ದಿನವೂ ಬಳಸುವ ತಂತ್ರಾಂಶಗಳು ಯಾವುವು, ಅವಕ್ಕೆ ಬದಲಿಯಾಗಿ ಏನು ದೊರೆಯುತ್ತದೆ ಎಂಬುದನ್ನೆಲ್ಲ ಕಾಗದದ ಮೇಲೆ ಬರೆದೆವು. ಹತ್ತು ವರ್ಷ ದಿನವೂ ಮುಟ್ಟಿದ ವಸ್ತುವಿನ ಒಳಗೆ ಏನಿದೆಯೆಂದು ಆ ದಿನದವರೆಗೆ ನನಗೆ ತಿಳಿದಿರಲಿಲ್ಲ. ದುಡ್ಡು ಕೊಟ್ಟು ತಂದ ಮಾತ್ರಕ್ಕೆ ಅದನ್ನು ನನ್ನದೆಂದು ಹೇಗೆ ಕರೆಯುತ್ತಿದ್ದೆನೋ!

ಎರಡನೆಯದು ಕಡತಗಳ ರಕ್ಷಣೆ. ಮುಖ್ಯವಾದುದೆಲ್ಲವೂ ಮೂರು ಪ್ರತಿಗಳಲ್ಲಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿಯಾದರೂ ಮನೆಯ ಹೊರಗಿರಬೇಕು ಎಂಬುದು ಬಲ್ಲವರು ಹೇಳುವ ಸೂತ್ರ. ಗಣಕದಲ್ಲಿರುವುದು ಒಂದು, ಹೊರಗಿನಿಂದ ಜೋಡಿಸುವ ಡಿಸ್ಕಿನಲ್ಲಿ ಇನ್ನೊಂದು, ಪೆನ್‌ಡ್ರೈವಿನಲ್ಲಿ ತುಂಬಿ ತಮ್ಮನ ಮನೆಗೆ ಕಳುಹಿಸಿದ್ದು ಮೂರನೆಯದು. ಪ್ರತಿ ಮಾಡಿದರೆ ಸಾಲದು. ಅದು ತೆರೆಯುತ್ತದೆಯೇ ಎಂದು ಬೇರೆಯ ಗಣಕದಲ್ಲಿ ನೋಡಲೂ ಬೇಕು. ತೆರೆದು ನೋಡದ ಪ್ರತಿ ಅಳೆದು ನೋಡದ ಕಣಜದಂತೆ. ಬೇಸಗೆಯಲ್ಲಿ ಕೈಹಾಕಿದಾಗ ಬರಿಯ ಹೊಟ್ಟು ಸಿಕ್ಕೀತು. ಇದರ ಜೊತೆಗೆ ಗುಪ್ತಪದಗಳನ್ನು ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟೆವು. ಕೆಲವು ಗಣಕಗಳಲ್ಲಿ ಡಿಸ್ಕಿಗೆ ಬೀಗಮುದ್ರೆ ಹಾಕಿರುತ್ತದೆ. ಅದನ್ನು ತೆರೆಯುವ 48 ಅಂಕಿಗಳ ಕೀಲಿಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ತನ್ನ ಮನೆಯ ಬಾಗಿಲಲ್ಲಿಯೇ ಒಡೆಯ ಪರಕೀಯನಾಗಿ ನಿಲ್ಲಬೇಕಾಗುತ್ತದೆ.

ಮೂರನೆಯದು ಕನ್ನಡದವರಾದ ನಮಗೆ ವಿಶೇಷವಾದುದು. ಹೆಚ್ಚು ದಿನ ಹಿಡಿದದ್ದೂ ಅದೇ. ತಾಯಿಯ ಹಾಡುಗಳನ್ನು ಕಳೆದುಕೊಂಡ ಮೇಲೆ ನಾನು ನಮ್ಮ ಸೀಮೆಯ ಬೇಸಾಯದ ಮಾತುಗಳನ್ನು ಸಂಗ್ರಹಿಸತೊಡಗಿದ್ದೆನು. ಉಪಕರಣಗಳ ಹೆಸರು, ಮಣ್ಣಿನ ಬಗೆ, ಮಳೆಯ ನಕ್ಷತ್ರಗಳು, ದನಗಳ ಸುಳಿ, ಅಳತೆಯ ಮಾನಗಳು ಎಂದು ಸುಮಾರು ಮೂರು ಸಾವಿರ ಮಾತುಗಳು ಸೇರಿದ್ದುವು. ಅವುಗಳಲ್ಲಿ ಮುಕ್ಕಾಲು ಪಾಲು ನಾನು ಹಳೆಯ ರೂಢಿಯಂತೆ ಹಳೆಯ ಬಗೆಯ ಅಕ್ಷರವಿನ್ಯಾಸದಲ್ಲಿ, ಎಂದರೆ ಫಾಂಟಿನಲ್ಲಿ, ಟೈಪು ಮಾಡಿದಂಥವು. ಆ ಬಗೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿಯೇ ಕನ್ನಡದ ಅಕ್ಷರಗಳ ತುಣುಕುಗಳನ್ನು ಕೂರಿಸಿರುತ್ತಾರೆ. ಆ ಫಾಂಟು ಇರುವ ಗಣಕದಲ್ಲಿ ಅದು ಕನ್ನಡ. ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಗೀಚು. ಗಣಕದಲ್ಲಿ ಕನ್ನಡಕ್ಕೆ ಬೇರೆ ದಾರಿಯೇ ಸುಗಮವಾಗಿರದಿದ್ದ ಕಾಲದಲ್ಲಿ ಆ ಉಪಾಯ ದೊಡ್ಡ ಸೇವೆ ಮಾಡಿತು. ಅದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಸ್ಥಿರವಾದ ನೆಲೆ ದೊರೆತದ್ದು ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಿಂದ. ಅದರ ಮೊದಲ ಆವೃತ್ತಿ ಹೊರಬಂದದ್ದು 1991ರಲ್ಲಿ, ಲಿನಕ್ಸ್ ಹುಟ್ಟಿದ ವರ್ಷದಲ್ಲಿಯೇ. ಆಗಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಕೇರಿಯೊಂದನ್ನು ಬಿಟ್ಟುಕೊಟ್ಟಿದ್ದರು. ಯೂನಿಕೋಡಿನಲ್ಲಿ ಬರೆದ ‘ಕ’ ಯಾವ ದೇಶದ ಯಾವ ಗಣಕದಲ್ಲಿಯೂ ‘ಕ’ವೇ.

ನನ್ನ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಆದರೆ ಅವು ಮಾಡಿದ್ದನ್ನು ಕಣ್ಣಿಟ್ಟು ಓದದೆ ನಂಬಲಾಗದು. ಉದಾಹರಣೆಗೆ, ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ನಾವು ಕೈಯಲ್ಲಿ ಬರೆಯುವಂತೆ ಅಕ್ಷರದ ತರುವಾಯ ಇಡುತ್ತಿದ್ದರು. ಯೂನಿಕೋಡಿನಲ್ಲಿ ಅದು ಉಚ್ಚಾರಣೆಯ ಕ್ರಮದಂತೆ ಅಕ್ಷರಕ್ಕೆ ಮೊದಲು ಬರುತ್ತದೆ. ಈ ಸ್ಥಾನಪಲ್ಲಟದಲ್ಲಿ ‘ಆರ್ದ್ರಾ ಮಳೆ’ ಎಂಬ ಮಾತು ಗುರುತು ಸಿಗದಂತೆ ಮುರಿದುಬಿದ್ದಿತ್ತು. ಅದನ್ನು ತಿದ್ದುವಾಗ ಹುಡುಗಿ, “ಆರ್ದ್ರಾ ಮಳೆ ಎಂದರೇನು?” ಎಂದು ಕೇಳಿದಳು. ಸೂರ್ಯನು ಆರ್ದ್ರಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಲ್ಲಿ, ಜೂನ್ ತಿಂಗಳ ಕಡೆಯ ಭಾಗದಿಂದ ಬರುವ ಮಳೆ ಅದೆಂದೂ ರೈತರು ಆ ಮಳೆಯನ್ನು ನೋಡಿಕೊಂಡು ಬಿತ್ತನೆಯನ್ನು ಯೋಚಿಸುತ್ತಿದ್ದರೆಂದೂ ಹೇಳಿದೆನು. ಅಂದಿನಿಂದ ಅವಳ ಅವಸರ ಇಳಿಯಿತು. ಪ್ರತಿದಿನ ಸಂಜೆ ಶಾಲೆಯಿಂದ ಬಂದು ಒಂದು ಗಂಟೆ ನನ್ನೊಡನೆ ಕುಳಿತು ಮಾತುಗಳನ್ನು ಓದಿ ತಿದ್ದಿದಳು. ಈ ಒಂದು ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಗಣಕದ ನೆವದಿಂದ ಅವಳ ಕಿವಿಗೆ ಬಿದ್ದ ಹೊಸ ಮಾತುಗಳು ನೂರಕ್ಕೆ ಕಡಿಮೆಯಿಲ್ಲ.

ನಾಲ್ಕನೆಯದು ಬೀಜದ ಪರೀಕ್ಷೆ. ಲಿನಕ್ಸ್ ವ್ಯವಸ್ಥೆಯನ್ನು ಅದರ ಕರ್ತರ ತಾಣದಿಂದ ಇಳಿಸಿಕೊಳ್ಳಬೇಕು. ಅದು ಸುಮಾರು 3 ಜಿಬಿ ಗಾತ್ರದ ಒಂದೇ ಕಡತ. ದಾರಿಯಲ್ಲಿ ಅದು ಅರ್ಧಂಬರ್ಧವಾಗಿರಬಹುದು. ದುರುಳರು ಅದರಲ್ಲಿ ಏನನ್ನಾದರೂ ಬೆರೆಸಿರಲೂಬಹುದು. ಇದನ್ನು ಕಂಡುಹಿಡಿಯಲು ಒಂದು ಜಾಣ ಉಪಾಯವುಂಟು. ಕರ್ತರು ಕಡತದ ಪಕ್ಕದಲ್ಲಿಯೇ ‘ಎಸ್‌ಎಚ್‌ಎ-256’ ಎಂಬ ಗಣಿತದ ಕ್ರಮದಿಂದ ಪಡೆದ 64 ಚಿಹ್ನೆಗಳ ಒಂದು ಸಾಲನ್ನು ಪ್ರಕಟಿಸಿರುತ್ತಾರೆ. ನಾವು ಇಳಿಸಿಕೊಂಡ ಕಡತದಿಂದಲೂ ಅದೇ ಕ್ರಮದಲ್ಲಿ ಸಾಲೊಂದನ್ನು ಪಡೆದು ಹೋಲಿಸಬೇಕು. ಇಡೀ ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದರೂ ಆ ಸಾಲು ಪೂರ್ತಿ ಬೇರೆಯಾಗಿಬಿಡುತ್ತದೆ. ಕರಾರುಪತ್ರಕ್ಕೆ ಅರಗಿನ ಮುದ್ರೆ ಇದ್ದಂತೆ ಇದು. ನಾನು ಗಟ್ಟಿಯಾಗಿ ಓದುತ್ತ ಹೋದೆನು. ಹುಡುಗಿ ಬೆರಳಿಟ್ಟು ನೋಡುತ್ತ ಹೋದಳು. ಅರವತ್ತನಾಲ್ಕೂ ತಾಳೆಯಾದುವು. ಈ ಕೆಲಸಕ್ಕೆ ಹಿಡಿಯುವುದು ಐದು ನಿಮಿಷ. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ.

ಐದನೆಯದು ಪ್ರಯೋಗ. ಇಳಿಸಿಕೊಂಡ ಕಡತವನ್ನು ಖಾಲಿಯಾದ ಪೆನ್‌ಡ್ರೈವಿಗೆ ವಿಶಿಷ್ಟ ಕ್ರಮದಲ್ಲಿ ಬರೆಯಬೇಕು. ಅದರಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮರೆಯಕೂಡದು. ಗಣಕವನ್ನು ಚಾಲೂ ಮಾಡಿದ ಕೂಡಲೇ ಎಫ್2, ಎಫ್12 ಅಥವಾ ಡಿಲೀಟ್ ಗುಂಡಿಯನ್ನು, ತಯಾರಕರು ಯಾವುದನ್ನು ಗೊತ್ತುಮಾಡಿದ್ದಾರೋ ಅದನ್ನು, ಒತ್ತಿ ‘ಮೊದಲು ಪೆನ್‌ಡ್ರೈವನ್ನು ನೋಡು’ ಎಂದು ತಿಳಿಸಬೇಕು. ಆಗ ಡಿಸ್ಕನ್ನು ಬದಲಿಸದೆ ಗಣಕದ ಸ್ಮೃತಿಯಲ್ಲಿಯೇ ಲಿನಕ್ಸ್ ಎದ್ದು ನಿಲ್ಲುತ್ತದೆ. ಮದುವೆಗೆ ಮುಂಚೆ ಮನೆ ನೋಡಿಬರುವಂತೆ ಇದೊಂದು ಸೌಕರ್ಯ. ಧ್ವನಿ ಕೇಳುತ್ತದೆಯೇ, ಜಾಲಕ್ಕೆ ಸಂಪರ್ಕ ದೊರೆಯುತ್ತದೆಯೇ, ಮುದ್ರಣಯಂತ್ರ ಕೆಲಸ ಮಾಡುತ್ತದೆಯೇ ಎಂದು ಇಲ್ಲಿಯೇ ನೋಡಬಹುದು. ನಾನು ಮೊದಲು ನೋಡಿದ್ದು ಕನ್ನಡವನ್ನು. ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸವಿತ್ತು. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳನ್ನು ಹೊತ್ತಿರುವ, ಕೆ.ಪಿ. ರಾವ್ ಅವರ ಚಿಂತನೆಯಿಂದ ಮೂಡಿದ, ನಮ್ಮ ಬೆರಳುಗಳಿಗೆ ಪರಿಚಿತವಾದ ವಿನ್ಯಾಸ ಅದು. ‘ಗುಬ್ಬಿ’, ‘ನವಿಲು’ ಎಂಬ ಹೆಸರಿನ ಮುಕ್ತ ಕನ್ನಡ ಫಾಂಟುಗಳೂ ಈ ವ್ಯವಸ್ಥೆಗೆ ದೊರೆಯುತ್ತವೆಂದು ತಿಳಿಯಿತು. ಇವನ್ನೆಲ್ಲ ಸಿದ್ಧಪಡಿಸಿದವರಲ್ಲಿ ಅನೇಕರು ಸ್ವಯಂಸೇವಕರು. ನನ್ನ ಊರಿನ ಮಾತು ಪರದೆಯ ಮೇಲೆ ಮೂಡುವುದರ ಹಿಂದೆ ನಾನು ಎಂದೂ ಕಾಣದವರ ದುಡಿಮೆಯಿದೆ ಎಂದು ತಿಳಿದಾಗ ಮನಸ್ಸು ತುಂಬಿ ಬಂದಿತು.

ಕೊನೆಯದು ನೆಲದ ಪಾಲು. ಹಳೆಯ ವ್ಯವಸ್ಥೆಯನ್ನು ತೆಗೆದುಹಾಕಿ ಡಿಸ್ಕನ್ನು ಪೂರ್ತಿಯಾಗಿ ಹೊಸದಕ್ಕೆ ಕೊಡಬಹುದು. ಇಲ್ಲವೆ ಹಳೆಯದರ ಪಾಲನ್ನು ಕುಗ್ಗಿಸಿ, ನಡುವೆ ಬದು ಹಾಕಿ, ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸಿಕೊಳ್ಳಬಹುದು. ಎರಡನ್ನೂ ಇರಿಸಿಕೊಳ್ಳುವವರು ಹಳೆಯ ವ್ಯವಸ್ಥೆಯ ‘ಕ್ಷಿಪ್ರ ಆರಂಭ’ದ ಸೌಲಭ್ಯವನ್ನು ನಿಲ್ಲಿಸಬೇಕು, ಅದು ಡಿಸ್ಕನ್ನು ಅರೆನಿದ್ರೆಯಲ್ಲಿ ಬಿಟ್ಟಿರುತ್ತದೆ. ಪಾಲು ಮಾಡುವ ನಡುವೆ ವಿದ್ಯುತ್ತು ಹೋದರೆ ಅನಾಹುತವಾಗಬಹುದಾದ್ದರಿಂದ ಯುಪಿಎಸ್ ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು. ನಾವು ಭಾನುವಾರ ಬೆಳಗ್ಗೆ, ಎಲ್ಲ ಪ್ರತಿಗಳನ್ನೂ ಇನ್ನೊಮ್ಮೆ ನೋಡಿಕೊಂಡು, ಡಿಸ್ಕನ್ನು ಪೂರ್ತಿಯಾಗಿ ಹೊಸ ವ್ಯವಸ್ಥೆಗೆ ಕೊಟ್ಟೆವು. ಹುಡುಗಿ ಹೇಳಿದಂತೆ ಅದು ಅರ್ಧ ಗಂಟೆಯ ಕೆಲಸವೇ ಆಗಿತ್ತು. ಆದರೆ ಆ ಅರ್ಧ ಗಂಟೆ ನಿರಾತಂಕವಾಗಿ ಕಳೆದದ್ದು ಅದರ ಹಿಂದಿನ ಎರಡು ವಾರಗಳ ದುಡಿಮೆಯಿಂದ.

ಎಲ್ಲರೂ ಈ ದಾರಿಯನ್ನೇ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ಇದಕ್ಕೂ ಕೊರತೆಗಳುಂಟು. ಕೆಲವು ವೃತ್ತಿಗಳಿಗೆ ಬೇಕಾದ ತಂತ್ರಾಂಶಗಳು ಲಿನಕ್ಸಿನಲ್ಲಿ ನಡೆಯುವುದಿಲ್ಲ. ಕೆಲವು ಮುದ್ರಣಯಂತ್ರಗಳು ಮೊಂಡು ಹಿಡಿಯುತ್ತವೆ. ಬೇರೆ ತಂತ್ರಾಂಶದಲ್ಲಿ ರಚಿಸಿದ ಕಡತಗಳನ್ನು ಲಿಬ್ರೆಆಫೀಸಿನಲ್ಲಿ ತೆರೆದಾಗ ಪುಟಗಳ ಅಂದ ಅಷ್ಟಿಷ್ಟು ಕದಲುವುದೂ ಉಂಟು. ತೊಡಕು ಬಂದಾಗ ಪೇಟೆಯಲ್ಲಿ ಇದನ್ನು ಬಲ್ಲವರು ಸುಲಭವಾಗಿ ಸಿಗುವುದಿಲ್ಲ. ತಾನೇ ಓದಿ ತಿಳಿಯುವ ತಾಳ್ಮೆ ಬೇಕು. ಮೂರು ತಿಂಗಳು ನಾನೂ ತಡವರಿಸಿದ್ದೇನೆ. ಇವನ್ನು ಮುಚ್ಚಿಟ್ಟು ಹೊಗಳುವವರು ಮುಕ್ತ ತಂತ್ರಾಂಶಕ್ಕೆ ಉಪಕಾರ ಮಾಡುವುದಿಲ್ಲ. ಹಣ ಕೊಟ್ಟು ಕೊಂಡ ವ್ಯವಸ್ಥೆಯನ್ನೇ ಮುಂದುವರಿಸುವವರನ್ನು ಹೀನೈಸುವುದೂ ಸಲ್ಲದು. ಪಟ್ಟಿ ಮಾಡುವುದು, ಪ್ರತಿ ತೆಗೆಯುವುದು, ಪರೀಕ್ಷಿಸುವುದು ಇವು ಯಾವ ವ್ಯವಸ್ಥೆಯವರಿಗೂ ಬೇಕಾದುವು.

ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಗಣಕವನ್ನು ಬಳಸಲು ಕಲಿಸುವ ಶಿಕ್ಷಣ ಅರ್ಧ ಶಿಕ್ಷಣ. ಅದನ್ನು ಹಸನುಗೊಳಿಸಲು, ಸಂದರ್ಭ ಬಂದರೆ ಅದರ ಯಜಮಾನಿಕೆಯನ್ನೇ ಬದಲಿಸಲು ಕಲಿಸಿದಾಗ ಅದು ಪೂರ್ಣವಾಗುತ್ತದೆ. ನಮ್ಮ ನೆರೆಯ ಕೇರಳದಲ್ಲಿ ಈ ಶತಮಾನದ ಮೊದಲ ದಶಕದಿಂದಲೂ ಸರ್ಕಾರಿ ಶಾಲೆಗಳ ಮಕ್ಕಳು ಮುಕ್ತ ತಂತ್ರಾಂಶದ ಮೂಲಕವೇ ಗಣಕವಿದ್ಯೆಯನ್ನು ಕಲಿಯುತ್ತಿದ್ದಾರೆ. ‘ಐಟಿ ಅಟ್ ಸ್ಕೂಲ್’ ಎಂದು ಆರಂಭವಾದ ಆ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯ ರೂಪ ತಾಳಿತು. ನಮ್ಮ ಮಕ್ಕಳಿಗೂ ಆ ಅವಕಾಶ ಧಾರಾಳವಾಗಿ ದೊರೆಯಬೇಕೆಂಬುದು ನನ್ನ ಆಶೆ. ಸೈಕಲ್ ತುಳಿಯುವ ಹುಡುಗನಿಗೆ ಬಿದ್ದ ಸರಪಣಿಯನ್ನು ಏರಿಸುವುದೂ ತಿಳಿದಿರಬೇಕಷ್ಟೆ! ತಿಳಿಯದವನು ಸರಪಣಿ ಬಿದ್ದ ಕಡೆಯಲ್ಲಿಯೇ ನಿಂತು ಯಾರಾದರೂ ಬಂದಾರೇ ಎಂದು ದಾರಿ ಕಾಯುತ್ತಾನೆ.

ನಿಮ್ಮಲ್ಲಿ ಯಾರ ಮನೆಯಲ್ಲಿಯಾದರೂ ಮೂಲೆಗೆ ಸರಿಸಿದ ಹಳೆಯ ಗಣಕವಿದ್ದರೆ, ಹಿರಿಯರ ಅಪ್ಪಣೆ ಪಡೆದು ಅದನ್ನು ಒಮ್ಮೆ ತೆರೆದು ನೋಡಿ. ಹೊಸ ವ್ಯವಸ್ಥೆಯನ್ನು ಅಳವಡಿಸುವ ಮಾತು ಆಮೇಲೆ ಇರಲಿ. ಅದರಲ್ಲಿ ಏನೇನಿದೆ ಎಂದು ಮೊದಲು ಪಟ್ಟಿ ಮಾಡಿ. ಅಜ್ಜಿಯ ಚಿತ್ರವಿದ್ದೀತು, ತಂದೆಯ ಲೆಕ್ಕಪತ್ರವಿದ್ದೀತು, ಯಾರೋ ಬರೆದು ಮರೆತ ಕವಿತೆಯಿದ್ದೀತು. ಅವುಗಳ ಪ್ರತಿ ತೆಗೆದು ಬೇರೆ ಕಡೆ ಇರಿಸಿ. ಅಷ್ಟು ಮಾಡಿದರೂ ನಿಮ್ಮ ಮನೆಗೆ ನೀವು ಮಾಡಿದ ಉಪಕಾರ ಚಿಕ್ಕದಾಗದು. ನನ್ನ ಮೂರು ಸಾವಿರ ಮಾತುಗಳು ಈಗ ಮೂರು ಕಡೆ ಇವೆ. ಯಾವ ಗಣಕದಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತವೆ. ತಾಯಿಯ ಹಾಡುಗಳು ಹಿಂದಿರುಗಲಿಲ್ಲ. ಅಂಥ ನಷ್ಟ ನಿಮಗೆ ಒದಗದಿರಲಿ ಎಂದೇ ಇಷ್ಟನ್ನೂ ಹೇಳಿದೆನು.